ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ, ಇಲ್ಲವೆಂದಲ್ಲ. ಆದರೆ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅದನ್ನು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಅಲ್ಲಿ ಅವಳು ಎಡದಕ್ಕ. ಇಪ್ಪತ್ತೆರಡು ವರ್ಷ ರೋಲರಿನ ಎಡಗಡೆ ನಿಂತವಳು, ಅದಕ್ಕೆ ಎಡದಕ್ಕ. ಹಾಗಂತ ಎಡಚಿಯೇನಲ್ಲ. ಉಣ್ಣುವುದು, ಬರೆಯುವುದು, ಮಗಳ ಕಿವಿ ಹಿಂಡುವುದು ಎಲ್ಲವೂ ಬಲಗೈಯಲ್ಲೇ.

ರೋಲರ್ ಅಂದರೇನು ಅಂತ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಕಾದ ಕಬ್ಬಿಣದ ಉದ್ದನೆಯ ಉರುಳೆ ಅದು. ಒಗೆದು ಹಿಂಡಿದ ಹಾಸಿಗೆ ಬಟ್ಟೆಯನ್ನು ಈ ಕಡೆಯಿಂದ ಕೊಟ್ಟರೆ ಇಸ್ತ್ರಿಯಾಗಿ ಆ ಕಡೆ ಬರುತ್ತದೆ. ಕೊಡುವವರು ಇಬ್ಬರು, ಹಿಡಿದು ಮಡಚುವವರು ಇಬ್ಬರು. ಎಡಗಡೆಯವಳು ಆಳವಾದ ತೊಟ್ಟಿಗಾಡಿಗೆ ಬಗ್ಗಿ, ಒದ್ದೆ ಬಟ್ಟೆಯ ಮೂಲೆಯನ್ನು ಎಡಗೈಯಲ್ಲಿ ಹಿಡಿದು, ತಲೆಯ ಮೇಲಕ್ಕೆ ಒಂದೇ ಏಟಿಗೆ ಝಾಡಿಸಿ ಬೆಲ್ಟಿನ ಮೇಲೆ ಹಾಸಬೇಕು. ಬಲಗೈ ಸೊಂಟದ ಮಟ್ಟದಲ್ಲೇ ಇದ್ದು ಸುಕ್ಕು ಎಳೆಯುತ್ತಿರಬೇಕು. ಬಲಗಡೆಯವಳದ್ದು ಇದಕ್ಕೆ ಉಲ್ಟಾ. ಆ ಕಡೆ ಹಿಡಿದು ಮಡಚುವವರದ್ದೂ ಹೀಗೆಯೇ, ದಿನವಿಡೀ ಒಂದೇ ಕೈ ಮೇಲೆ. ಅಂಥ ರೋಲರ್ ಎರಡು, ಜನ ಎಂಟು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ದಿನಕ್ಕೆ ಸಾವಿರದ ಇನ್ನೂರು ಹಾಸಿಗೆ ಬಟ್ಟೆ.

ಅಲ್ಲಿ ಜಾಗ ಬದಲಾಯಿಸುವ ಪದ್ಧತಿಯೇ ಇಲ್ಲ. ಮನೆಯಲ್ಲಿ ಗಂಡನ ಜೊತೆ ಜಗಳವಾಡಿ ಮಂಚದ ಮಗ್ಗಲನ್ನಾದರೂ ಬದಲಿಸಬಹುದು, ಇಲ್ಲಿ ಆಗದು. ಜೋಡಿಗೆ ಜೋಡಿ ಒಗ್ಗಿ, ಇಬ್ಬರ ಕೈಯೂ ಒಂದೇ ಉಸಿರಿಗೆ ಮೇಲೇಳುವಂತಾದ ಮೇಲೆ ಬದಲಿಸಿದರೆ ಬಟ್ಟೆ ಸೊಟ್ಟಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಮೇಸ್ತ್ರಿ ಬಾಯಿ ಬಡಿದುಕೊಳ್ಳುತ್ತಾನೆ. ಎಡದಕ್ಕನ ಬಲಕ್ಕೆ ಹದಿನೇಳು ವರ್ಷದಿಂದ ನಿಂತವಳು ಕಿಲಕಿಲ. ಹೆಸರೇ ಹೇಳುವ ಹಾಗೆ, ಸದಾ ನಗುವವಳು. ಕಾಲ ಮೇಲೆ ಗಾಡಿ ಹತ್ತಿದರೂ ನಗುತ್ತಾಳೆ. ಎಡದಕ್ಕನಿಗೆ ನಗು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲೇ. ಬಡಪೆಟ್ಟಿಗೆ ಬಗ್ಗುವ ಹೆಂಗಸಲ್ಲ. ನೆಲದ ಮೋರಿ ಕಟ್ಟಿಕೊಂಡಿದೆ, ಸೋಪಿನ ನೀರು ನಿಲ್ಲುತ್ತಿದೆ ಅಂತ ಮೂರು ಸಲ ಹೇಳಿದವಳೂ ಅವಳೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕನೆಯ ಸಲ ಹೇಳುವ ಮೊದಲೇ ಆ ನೀರಿನಲ್ಲಿ ಜಾರಿ, ಎಡ ಭುಜವನ್ನು ಗಾಡಿಯ ಅಂಚಿಗೆ ಬಡಿದುಕೊಂಡು ಬಿದ್ದಳು.

ಮೂಳೆ ಮುರಿದಿರಲಿಲ್ಲ. ಭುಜದೊಳಗಿನ ಸ್ನಾಯು ಅರ್ಧ ಹರಿದಿತ್ತು. ಆಪರೇಷನ್ ಬೇಡ, ವ್ಯಾಯಾಮದಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಆರು ತಿಂಗಳೊಳಗೆ 'ಕೆಲಸಕ್ಕೆ ಯೋಗ್ಯ' ಎಂಬ ಚೀಟಿ ತಂದರೆ ರೋಲರಿನ ಜಾಗ ಅವಳದು, ತಾರದಿದ್ದರೆ ಹೆಸರು ಹೊಡೆದುಹಾಕುವುದು, ಅದು ನಿಯಮ. ನಿಯಮ ಮಾಡಿದವರು ಯಾರೂ ಒದ್ದೆ ಬಟ್ಟೆ ಎತ್ತಿದವರಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಶುರುವಾಯಿತು ನೋಡಿ ದಂಡಯಾತ್ರೆ. ಗಂಡ ನಲ್ಲಿ ರಿಪೇರಿ ಮಾಡುವವನು, ಮಾತು ಕಡಿಮೆ. ಬಾಗಿಲ ಚೌಕಟ್ಟಿಗೆ ಒಂದು ರಾಟೆ ಬಡಿದು, ಹಗ್ಗ ಇಳಿಬಿಟ್ಟು, ಎಳೆದು ನೋಡು ಎಂದಷ್ಟೇ ಹೇಳಿ ಕೆಲಸಕ್ಕೆ ಹೋದ. ಲೆಕ್ಕ ಹಾಕಲು ಕೂತವಳು ಅತ್ತೆ. ಸೊಸೆಯ ಮೇಲೆ ಎಗರಾಡದೆ ಒಂದು ದಿನ ಕಳೆಯದ ಮುದುಕಿ, ಸೊಸೆ ಹಲ್ಲು ಕಚ್ಚಿ ಹಗ್ಗ ಎಳೆಯುವುದನ್ನು ನೋಡಲಾರದೆ ಇಪ್ಪತ್ತಾದ ಮೇಲೆ ನೇರ ಮೂವತ್ತಕ್ಕೆ ಹಾರುತ್ತಿದ್ದಳು. ಮೋಸ ಮಾಡಬೇಡಿ ಅತ್ತೆ ಎಂದರೆ, ನನಗೆ ಕಲಿಸಿದ ಲೆಕ್ಕವೇ ಇಷ್ಟು ಎಂದು ಮುಖ ತಿರುವುತ್ತಿದ್ದಳು. ಎಡದಕ್ಕ ಮತ್ತೆ ಇಪ್ಪತ್ತೊಂದರಿಂದ ಎಳೆಯುತ್ತಿದ್ದಳು.

ವಾರಕ್ಕೆ ಮೂರು ದಿನ ಆಸ್ಪತ್ರೆಯ ಎರಡನೆಯ ಮಹಡಿಗೆ, ಫಿಸಿಯೋಥೆರಪಿ ಕೋಣೆಗೆ. ಅಲ್ಲಿದ್ದ ಫಿಸಿಯೋ ಎಳೆಯ ಹುಡುಗಿ, ಕೆಲಸದಲ್ಲಿ ಚುರುಕು. ಅವಳ ಬಳಿ ಹೊಸ ಯಂತ್ರವೊಂದಿತ್ತು. ಅಲುಗಾಟ ಗುರುತಿಸುವ, ಬೆಂಕಿಪೊಟ್ಟಣದ ಗಾತ್ರದ ಸೆನ್ಸರುಗಳನ್ನು ಎರಡೂ ತೋಳಿಗೆ, ಮುಂಗೈಗೆ, ಬೆನ್ನಿಗೆ ಪಟ್ಟಿಯಿಂದ ಕಟ್ಟುತ್ತಿದ್ದಳು. ಎದುರಿಗೆ ಎರಡು ಕ್ಯಾಮೆರಾ, ಪಕ್ಕದಲ್ಲಿ ಪರದೆ. ಪರದೆಯ ಮೇಲೆ ಎಡದಕ್ಕ ಒಂದು ಕಡ್ಡಿ ಗೊಂಬೆಯಾಗಿ ನಿಲ್ಲುತ್ತಿದ್ದಳು. ಇವಳು ಕೈ ಎತ್ತಿದರೆ ಗೊಂಬೆಯೂ ಎತ್ತುತ್ತಿತ್ತು, ಎಷ್ಟು ಡಿಗ್ರಿ ಎತ್ತಿದಳೆಂದು ಪಕ್ಕದಲ್ಲಿ ಅಂಕಿ ಓಡುತ್ತಿತ್ತು. ಭುಜ ಏರಿಸಿ, ಮೈ ವಾಲಿಸಿ ಕಳ್ಳತನದಲ್ಲಿ ಎತ್ತಿದರೆ ಗೊಂಬೆಯ ಬೆನ್ನು ಕೆಂಪಾಗುತ್ತಿತ್ತು.

ಮೊದಮೊದಲು ಅವಳಿಗೂ ಗೊಂಬೆಗೂ ಹಾವು ಮುಂಗುಸಿಯ ಸಂಬಂಧ. ನಿನಗೇನು ನೋವಾ ಸಾವಾ, ಸುಮ್ಮನೆ ಕೆಂಪಾಗ್ತೀಯ ಎಂದು ಗದರುತ್ತಿದ್ದಳು. ಎರಡನೆಯ ತಿಂಗಳಲ್ಲಿ ನಿಧಾನವಾಗಿ ಕೈ ಎತ್ತುವಾಗ ಗೊಂಬೆಯ ತೋಳು ಭುಜದ ಮಟ್ಟಕ್ಕೆ ಬಂದಲ್ಲಿ ಸಣ್ಣಗೆ ನಡುಗುತ್ತಿತ್ತು. ಹರಿದ ಸ್ನಾಯು ಹಿಡಿತ ಬಿಟ್ಟು, ಪಕ್ಕದ್ದು ಆತುರವಾಗಿ ಹಿಡಿದುಕೊಳ್ಳುವ ಜಾಗ ಅದು ಎಂದು ಹುಡುಗಿ ಬಿಡಿಸಿ ಹೇಳಿದಳು. ಆ ನಡುಕ ದಿನದಿನಕ್ಕೆ ಕಡಿಮೆಯಾಗುವುದನ್ನು ಎಡದಕ್ಕ ತನ್ನ ಕಣ್ಣಾರೆ ಕಂಡಳು. ಅಂದಿನಿಂದ ಬೈಗುಳ ನಿಂತಿತು. ನಾಲ್ಕನೆಯ ತಿಂಗಳಿಗೆ ನಡುಕ ಪೂರ್ತಿ ಹೋಯಿತು. ಐದನೆಯ ತಿಂಗಳ ಕೊನೆಗೆ ನೀರು ತುಂಬಿದ ಬಿಂದಿಗೆಯನ್ನು ಅಟ್ಟದ ಮೇಲಿಟ್ಟು ಇಳಿಸಿದಳು, ಅತ್ತೆ ಎಷ್ಟು ಕೂಗಿಕೊಂಡರೂ ಕ್ಯಾರೇ ಅನ್ನಲಿಲ್ಲ.

ಆಮೇಲೆ ಬಂತು ಕೊನೆಯ ಪರೀಕ್ಷೆ. ಎಡಗೈ ನೂರ ಅರವತ್ತನಾಲ್ಕು ಡಿಗ್ರಿ ಮೇಲಕ್ಕೆ ಹೋಯಿತು. ಎಡದಕ್ಕ ಎದೆ ಸೆಟೆಸಿ ನಿಂತಳು. ಬಲಗೈ ಎತ್ತಿ ಎಂದಳು ಹುಡುಗಿ. ಬಲಗೈ ನೂರ ನಲವತ್ತೊಂದಕ್ಕೆ ನಿಂತಿತು. ಯಂತ್ರ ಟಪ್ಪನೆ ಕೆಂಪು ಬರೆ ಎಳೆಯಿತು. ಎರಡು ತೋಳಿನ ನಡುವೆ ವ್ಯತ್ಯಾಸ ಹತ್ತು ಡಿಗ್ರಿ ಮೀರಬಾರದು, ಇಲ್ಲಿ ಇಪ್ಪತ್ತಮೂರು ಇದೆ, ಮೈಯೂ ಎಡಕ್ಕೆ ವಾಲುತ್ತಿದೆ, ಆದ್ದರಿಂದ ಸಮತೋಲನ ಬಂದಿಲ್ಲ. ಹುಡುಗಿ ಆ ದಿನ ಹದಿನಾರು ಜನರನ್ನು ನೋಡಿದ್ದಳು. ಕೆಂಪು ಕಂಡಳು, 'ಸದ್ಯ ಅಯೋಗ್ಯ' ಎಂಬ ಚೌಕದಲ್ಲಿ ಗುರುತು ಹಾಕಿದಳು, ಸಹಿ ಮಾಡಿದಳು. ಕಡಿಮೆ ಎದ್ದದ್ದು ಪೆಟ್ಟಾದ ಕೈಯಲ್ಲ, ಪೆಟ್ಟೇ ಆಗದ ಕೈ ಎಂಬುದು ಅವಳ ಗಮನಕ್ಕೇ ಬರಲಿಲ್ಲ. ಎಂಥ ಬುದ್ಧಿವಂತರೂ ಹೀಗೆ ಎಡವುತ್ತಾರೆ.

ಎಡದಕ್ಕನಿಗೂ ಆಗ ಹೊಳೆಯಲಿಲ್ಲ. ಚೀಟಿ ಹಿಡಿದು ಸಿಬ್ಬಂದಿ ಅಧಿಕಾರಿಯ ಕೋಣೆಗೆ ಹೋದಳು. ಆತ ಒರಟನಲ್ಲ, ಕೂತುಕೊಳ್ಳಿ ಎನ್ನುವ ಮನುಷ್ಯ. ಇನ್ನು ಮೂರು ವಾರ ಉಳಿದಿದೆ, ಅಷ್ಟರಲ್ಲಿ ಎರಡೂ ಕೈ ಸಮ ಬರದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ನೀರು ತುಂಬಿದ ಬಿಂದಿಗೆ ಎತ್ತಿ ತೋರಿಸುತ್ತೇನೆ, ತರಿಸಿ ಎಂದಳು ಇವಳು. ಯಂತ್ರ ಯಾರ ಪರವೂ ಅಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂದ ಆತ. ಇಪ್ಪತ್ತೆರಡು ವರ್ಷದ ಕೆಲಸ ಒಂದು ಚೌಕದ ಗುರುತಿಗೆ ಹೋಗುತ್ತದಾ ಅಂತ ಅವಳಿಗೆ ಮೈಯೆಲ್ಲ ಉರಿಯಿತು. ಚೀಟಿ ಮಡಚಿಕೊಂಡು ಎದ್ದಳು.

ಮರುದಿನ ಫಿಸಿಯೋ ಕೋಣೆಗೆ ಹೋದಾಗ ವಾರ್ಡಿಗೆ ಬಟ್ಟೆ ತಲುಪಿಸಲು ಬಂದಿದ್ದ ಕಿಲಕಿಲ ಬಾಗಿಲಲ್ಲಿ ಇಣುಕಿದಳು. ಏನಕ್ಕ ನಿನ್ನ ಗೊಂಬೆ, ನನಗೂ ಒಂದು ತೋರಿಸು ಅಂತ ನಗುತ್ತಲೇ ಬಂದು ನಿಂತಳು. ಹುಡುಗಿಯೂ ತಮಾಷೆಗೆ ಪಟ್ಟಿ ಕಟ್ಟಿದಳು. ಕಿಲಕಿಲ ಎರಡೂ ಕೈಯನ್ನು ಫಟ್ಟನೆ ಮೇಲಕ್ಕೆತ್ತಿ ಫಟ್ಟನೆ ಇಳಿಸಿದಳು. ಬಲಗೈ ನೂರ ಅರವತ್ತೊಂಬತ್ತು, ಎಡಗೈ ನೂರ ನಲವತ್ತನಾಲ್ಕು, ಮೈ ಬಲಕ್ಕೆ ವಾಲು, ಕೆಂಪು ಬರೆ. ಅಯ್ಯೋ ನಾನೂ ಫೇಲು ಎಂದು ನಕ್ಕು, ಗಾಡಿ ತಳ್ಳಿಕೊಂಡು ಹೊರಟೇಹೋದಳು.

ಎಡದಕ್ಕ ಪರದೆಯ ಮುಂದೆ ನಿಂತೇ ಇದ್ದಳು. ಕಿಲಕಿಲ ಎಂದೂ ಬಿದ್ದವಳಲ್ಲ, ಪೆಟ್ಟು ಮಾಡಿಕೊಂಡವಳಲ್ಲ, ದಿನಾ ಕೆಲಸಕ್ಕೆ ಬರುವವಳು. ಅವಳ ಗೊಂಬೆ ತನ್ನ ಗೊಂಬೆಗೆ ಕನ್ನಡಿ ಹಿಡಿದ ಹಾಗೆ ಆ ಕಡೆಗೆ ವಾಲಿತ್ತು.

"ಮಗಳೇ, ನಂದು ಪೆಟ್ಟಾಗಿದ್ದು ಯಾವ ಕೈ?" ಎಂದು ಕೇಳಿದಳು.

ಹುಡುಗಿ ಕಂಪ್ಯೂಟರಿನಲ್ಲಿ ಹಿಂದಿನ ದಿನದ ಪುಟ ತೆಗೆದು ಓದಿದಳು. ಎರಡನೆಯ ಸಲ ಓದಿದಳು. ಅವಳ ಮುಖ ಸಣ್ಣದಾಯಿತು. ತಪ್ಪಾಯಿತಮ್ಮ ಎಂದಳು. ಆದರೆ ಬಾಯಿಮಾತಿಗೆ ಬೆಲೆಯಿಲ್ಲ, ಫಾರಮ್ಮಿನಲ್ಲಿ ಸಮ ಇರಬೇಕು ಎಂದೇ ಇದೆ, ಈ ಕೆಲಸದವರಿಗೆ ಅದು ಹೊಂದುವುದಿಲ್ಲ ಎನ್ನಲು ಒಬ್ಬರದ್ದು ಸಾಲದು ಎಂದೂ ಹೇಳಿದಳು. ಎಂಟೂ ಜನರನ್ನು ಕರಕೊಂಡು ಬರುತ್ತೇನೆ, ಅಳತೆ ಹಿಡಿ ಎಂದಳು ಎಡದಕ್ಕ. ಹುಡುಗಿ, ಊಟದ ಬಿಡುವಿನಲ್ಲಿ ಬನ್ನಿ, ಅವರವರ ಕಾಗದ ಅವರವರ ಕೈಗೇ ಕೊಡುತ್ತೇನೆ, ಅದನ್ನು ಯಾರಿಗೆ ತೋರಿಸಬೇಕು ಎಂಬುದು ಅವರಿಗೇ ಬಿಟ್ಟದ್ದು ಎಂದಳು.

ನೆಲಮಾಳಿಗೆಯವರನ್ನು ಎರಡನೆಯ ಮಹಡಿಗೆ ಹತ್ತಿಸುವುದು ಸುಲಭವಾಗಿರಲಿಲ್ಲ. ಒಬ್ಬನಿಗೆ ನಾಚಿಕೆ, ಒಬ್ಬಳಿಗೆ ಭಯ, ಮತ್ತೊಬ್ಬನಿಗೆ ಊಟ ಬಿಟ್ಟು ಬರಲು ಸಂಕಟ. ನಿನ್ನ ಗುದ್ದಾಟಕ್ಕೆ ನಮ್ಮನ್ನು ಯಾಕೆ ಎಳೆಯುತ್ತೀಯ ಎಂದೂ ಕೇಳಿದರು. ನಾಳೆ ನೀವು ಜಾರಿ ಬಿದ್ದರೆ ನಿಮ್ಮನ್ನೂ ಇದೇ ಗೊಂಬೆಯ ಮುಂದೆ ನಿಲ್ಲಿಸುತ್ತಾರೆ, ಆಗ ನನ್ನನ್ನು ಕರೆಯಬೇಡಿ ಎಂದಳು ಎಡದಕ್ಕ, ಮುಖಕ್ಕೆ ಹೊಡೆದ ಹಾಗೆ. ಎಡದಕ್ಕನ ಜಾಗಕ್ಕೆ ಬಂದಿದ್ದ ಹೊಸಬನೂ ಸೇರಿ ನಾಲ್ಕು ದಿನದಲ್ಲಿ ಎಲ್ಲರೂ ಬಂದರು. ಯಾರಿಗೂ ಯಾವ ಪೆಟ್ಟೂ ಆಗಿರಲಿಲ್ಲ, ಎಲ್ಲರೂ ಫೇಲು. ಎಡಗಡೆಯವರು ಎಡಕ್ಕೆ ವಾಲಿದರು, ಬಲಗಡೆಯವರು ಬಲಕ್ಕೆ. ಕೊನೆಕೊನೆಗೆ ಒಬ್ಬರಿಗೊಬ್ಬರು ಚೇಷ್ಟೆ ಮಾಡುತ್ತ, ನಿನ್ನದು ಎಷ್ಟು ಸೊಟ್ಟ ನನ್ನದು ಎಷ್ಟು ಸೊಟ್ಟ ಅಂತ ಪಂದ್ಯ ಕಟ್ಟುವ ತನಕ ಹೋಯಿತು.

ಎಂಟನೆಯವಳು ಕಿಲಕಿಲ. ಮೊನ್ನೆಯೇ ಆಯಿತಲ್ಲ ಎಂದು ನಾಲ್ಕು ದಿನ ತಪ್ಪಿಸಿಕೊಂಡವಳನ್ನು ಎಡದಕ್ಕ ಕೈ ಹಿಡಿದು ಎಳೆದುಕೊಂಡು ಬಂದಳು. ತಮಾಷೆಗಲ್ಲ, ಸರಿಯಾಗಿ ಅಳೆಯಬೇಕು, ಐದು ಎಣಿಸುವವರೆಗೆ ನಿಧಾನವಾಗಿ ಎತ್ತಿ ಎಂದಳು ಹುಡುಗಿ. ಕಿಲಕಿಲ ನಗುತ್ತ ಎತ್ತತೊಡಗಿದಳು. ಬಲತೋಳು ಭುಜದ ಮಟ್ಟಕ್ಕೆ ಬಂತು. ಗೊಂಬೆಯ ತೋಳು ಅಲ್ಲಿ ಸಣ್ಣಗೆ ನಡುಗಿತು.

ಆ ನಡುಕವನ್ನು ಎಡದಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಎರಡು ತಿಂಗಳು ಅದರ ಜೊತೆ ಬಾಳಿದವಳು. ಹೊರಗೆ ಮೆಟ್ಟಿಲ ಬಳಿ ನಿಲ್ಲಿಸಿ ಕೇಳಿದಳು, ಎಷ್ಟು ದಿನದಿಂದ ಇದೆಯೇ ಇದು?

"ನೀನು ಬೀಳೋಕೆ ಮುಂಚಿಂದ್ಲೂ ಇದೆ ಅಕ್ಕ," ಎಂದಳು ಕಿಲಕಿಲ. ಮುಖದಲ್ಲಿ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು. "ನಿನ್ನ ಜಾಗಕ್ಕೆ ಬಂದ ಹೊಸಬನಿಗೆ ಕೈ ಕೂಡಲ್ಲ, ಅವನ ಭಾರಾನೂ ನಾನೇ ಎಳೀತೀನಿ. ನನ್ನ ಕಾಗದ ಆಫೀಸಿಗೆ ಕೊಡ್ಬೇಡ. ನಿನ್ನ ಕಾಲು ಹಿಡ್ಕೋತೀನಿ."

ಅವಳ ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. ನೋವು ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಆರು ತಿಂಗಳ ಗಡುವು, ಆಮೇಲೆ ಎಡದಕ್ಕನ ಗತಿಯೇ. ಅದನ್ನು ನೋಡಿದ ಮೇಲೆ ಯಾವ ಧೈರ್ಯದಲ್ಲಿ ಬಾಯಿ ಬಿಡುತ್ತಾಳೆ? ಹದಿನೇಳು ವರ್ಷ ಪಕ್ಕದಲ್ಲೇ ನಿಂತು ಇವಳ ನಗುವನ್ನೇ ನಂಬಿದೆನಲ್ಲ ಎಂದು ಎಡದಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ನಿನ್ನ ಕಾಗದ ನಿನ್ನ ಹತ್ತಿರವೇ ಇರಲಿ, ಏಳು ಸಾಕು ನನಗೆ ಎಂದಳು.

ಗಡುವಿಗೆ ಒಂಬತ್ತು ದಿನವಿರುವಾಗ ಏಳು ಕಾಗದ ಹಿಡಿದು ಅಧಿಕಾರಿಯ ಕೋಣೆಗೆ ಹೋದಳು. ಜೊತೆಗೆ ಫಿಸಿಯೋ ಹುಡುಗಿ. ಹಿಂದೆ ಲಾಂಡ್ರಿಯವರೆಲ್ಲ, ಊಟದ ಬಿಡುವಿನಲ್ಲಿ, ಬಾಗಿಲ ತನಕ ಸಾಲಾಗಿ. ಮೇಸ್ತ್ರಿಯೂ ಬಂದಿದ್ದ, ಏನಾಗುತ್ತದೋ ನೋಡಲು. ಎಡದಕ್ಕ ಕಾಗದಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಹರಡಿದಳು. ಎಡಕ್ಕೆ ವಾಲಿದ ನಾಲ್ಕು ಗೊಂಬೆ, ಬಲಕ್ಕೆ ವಾಲಿದ ಮೂರು. ಇವರಿಗೆ ಯಾರಿಗೂ ಪೆಟ್ಟಾಗಿಲ್ಲ, ಇವರ್‍ಯಾರೂ ಸಮ ಇಲ್ಲ, ಆದರೂ ನಿಮ್ಮ ಹಾಸಿಗೆ ಬಟ್ಟೆ ದಿನಾ ವಾರ್ಡಿಗೆ ಹೋಗುತ್ತಿದೆ ಎಂದಳು. ಹುಡುಗಿ ಮುಂದೆ ಬಂದು, ನಾನು ಪೆಟ್ಟಾದ ಕೈ ಯಾವುದೆಂದು ನೋಡದೆ ಗುರುತು ಹಾಕಿದೆ ಸಾರ್, ತಪ್ಪು ನನ್ನದು, ಈ ಫಾರಮ್ಮು ಈ ಕೆಲಸದವರಿಗೆ ಹೊಂದುವುದಿಲ್ಲ ಎಂದಳು. ಆ ವಯಸ್ಸಿಗೆ ಅದು ಸಣ್ಣ ಮಾತಲ್ಲ.

ಅಧಿಕಾರಿ ಒಂದೊಂದನ್ನೇ ಎತ್ತಿ ನೋಡಿದ. ಆತ ದಡ್ಡನಲ್ಲ.

"ಲಾಂಡ್ರಿಯಲ್ಲಿ ಎಂಟು ಜನ ಅಲ್ವಾ? ಎಂಟನೇದೆಲ್ಲಿ?" ಎಂದ. "ಅದೇ ಕೆಲಸ ಮಾಡಿಯೂ ಒಬ್ಬರು ಸರಿಯಾಗಿದ್ದಾರೆ ಅಂದ್ರೆ ತಪ್ಪು ಫಾರಮ್ಮಿನದಲ್ಲ ಅಂತಾಯ್ತಲ್ಲಮ್ಮ."

ಎಡದಕ್ಕನಿಗೆ ಉತ್ತರ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಹೆಸರು ಹೇಳಿದರೆ ಗೆಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದವಳು ಆಗ ಮೇಜಿನ ಕಾಗದಗಳನ್ನೇ ನೋಡುತ್ತ ನಿಂತಳು. ಹೋಗಲಿ ಕೆಲಸ, ಹಾಳಾಗಿ ಹೋಗಲಿ ಎಂದುಕೊಂಡು ಏಳೂ ಕಾಗದ ಒಟ್ಟುಮಾಡಲು ಕೈ ಹಾಕಿದಳು.

ಬಾಗಿಲ ಬಳಿ ಸಾಲು ಸರಿಯಿತು. ಕಿಲಕಿಲ ಒಳಗೆ ಬಂದಳು. ನಾಲ್ಕಾಗಿ ಮಡಚಿದ್ದ ಕಾಗದವನ್ನು ಕುಪ್ಪಸದೊಳಗಿಂದ ತೆಗೆದು, ಬಿಡಿಸಿ, ಮೂರರ ಪಕ್ಕದಲ್ಲಿ ಇಟ್ಟು ಅಂಗೈಯಿಂದ ಸುಕ್ಕು ತೀಡಿದಳು.

"ಎಂಟನೇದು ನಂದು ಸಾರ್. ನಾನು ಸರಿಯಾಗಿಲ್ಲ. ಒಂದೂವರೆ ವರ್ಷದಿಂದ ನೋಯ್ತಿದೆ. ಕೆಲಸ ಹೋಗುತ್ತೆ ಅಂತ ನಗ್ತಾ ಇದ್ದೆ."

ಅವಳು ನಗದೆ ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಅದುವರೆಗೆ ಕಂಡಿರಲಿಲ್ಲ. ಸಾಲಿನಲ್ಲಿದ್ದ ಒಬ್ಬಳು, ನನಗೂ ನೋಯುತ್ತದೆ ಎಂದಳು. ಆಮೇಲೆ ಇನ್ನೊಬ್ಬ. ಪಂದ್ಯ ಕಟ್ಟಿದ್ದವರೇ ಈಗ ತಮ್ಮ ತಮ್ಮ ಭುಜ ಮುಟ್ಟಿಕೊಂಡು ನಿಂತಿದ್ದರು.

ಎಡದಕ್ಕನಿಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಅದನ್ನು ಮೀರಿಸುವ ಸಿಟ್ಟು. ಅದುವರೆಗೆ ತನ್ನ ಚೀಟಿಗಾಗಿ ಬಂದಿದ್ದವಳು ಈಗ ಬೇರೆಯದನ್ನೇ ಹಿಡಿದು ನಿಂತಳು.

"ಯಂತ್ರ ಸುಳ್ಳು ಹೇಳಲ್ಲ ಅಂದ್ರಲ್ಲ ಸಾರ್, ನಾನೂ ಒಪ್ತೀನಿ. ಅದು ಹೇಳ್ತಿರೋದು ನಮ್ಮ ಮೈ ಸೊಟ್ಟಗಿದೆ ಅಂತ ಅಲ್ಲ. ನಮ್ಮನ್ನ ನಿಲ್ಲಿಸಿರೋ ರೀತಿ ಸೊಟ್ಟಗಿದೆ ಅಂತ. ಈಗ ಎಂಟೂ ಹೆಸರು ಹೊಡೆದುಹಾಕಿ. ಇಲ್ಲಾಂದ್ರೆ ಅದನ್ನ ಸರಿಮಾಡಿ."

ಅಧಿಕಾರಿ ಮೇಸ್ತ್ರಿಯ ಕಡೆ ನೋಡಿದ, ಮೇಸ್ತ್ರಿ ಗೋಡೆಯ ಕಡೆ ನೋಡಿದ. ಹುಡುಗಿ ಅಲ್ಲೇ ಹೊಸ ಚೀಟಿ ಬರೆದು ಎಡದಕ್ಕನಿಗೆ ಕೊಟ್ಟಳು, 'ಕೆಲಸಕ್ಕೆ ಯೋಗ್ಯ' ಎಂದು. ಇವಳು ತೆಗೆದುಕೊಂಡಳು, ಆದರೆ ಅಧಿಕಾರಿಗೆ ಕೊಡಲಿಲ್ಲ. ಕಿಲಕಿಲಳ ಭುಜಕ್ಕೆ ಮದ್ದು ಶುರುವಾಗಬೇಕು, ಗುಣವಾಗುವವರೆಗೆ ಅವಳ ಜಾಗಕ್ಕೆ ಕೈ ಹಾಕಬಾರದು, ದಿನದ ಅರ್ಧಕ್ಕೆ ಎಡದವರು ಬಲಕ್ಕೂ ಬಲದವರು ಎಡಕ್ಕೂ ಬರಬೇಕು, ತೊಟ್ಟಿಗಾಡಿಯ ತಳವನ್ನು ಮೊಣಕಾಲೆತ್ತರಕ್ಕೆ ಏರಿಸಬೇಕು. ಇಷ್ಟಾದ ದಿನ ಈ ಚೀಟಿ ನಿಮ್ಮ ಮೇಜಿಗೆ ಬರುತ್ತದೆ ಎಂದು ಹೇಳಿ ಹೊರಟಳು. ಮನೆಯಲ್ಲಿ ಸುದ್ದಿ ಕೇಳಿದ ಅತ್ತೆ, ಕೈಗೆ ಬಂದದ್ದನ್ನು ಬಿಟ್ಟು ಬಂದೆಯಾ ಮಹಾತಾಯಿ ಎಂದು ಹಣೆ ಹಣೆ ಚಚ್ಚಿಕೊಂಡಳು. ಗಂಡ ಮಾತ್ರ, ಗಾಡಿಯ ತಳ ಏರಿಸಲು ಕಬ್ಬಿಣದ ಪಟ್ಟಿ ಬೇಕಾದರೆ ನನ್ನ ಬಳಿ ಇದೆ ಎಂದ.

ಎಂಟು ದಿನ ಆಸ್ಪತ್ರೆಯವರು ಮಿಸುಕಲಿಲ್ಲ. ಇವಳೂ ಜಗ್ಗಲಿಲ್ಲ. ಮೇಜಿನ ಮೇಲೆ ಬಿಟ್ಟುಬಂದಿದ್ದ ಎಂಟು ಕಾಗದದ ಮೇಲೆ ಫಿಸಿಯೋ ವಿಭಾಗದ ಮೊಹರು ಬಿದ್ದಿತ್ತು, ಹರಿದು ಎಸೆಯುವಂತಿರಲಿಲ್ಲ, ಫಾರಮ್ಮನ್ನೇ ನಂಬಿದರೆ ಎಂಟೂ ಜನರನ್ನು ತೆಗೆದು ಲಾಂಡ್ರಿಗೆ ಬಾಗಿಲು ಹಾಕಬೇಕಿತ್ತು. ಒಂಬತ್ತನೆಯ ದಿನ, ಗಡುವಿನ ದಿನವೇ, ಕರೆ ಬಂತು. ನೀವು ಹೇಳಿದ್ದನ್ನೆಲ್ಲ ಮೂರು ತಿಂಗಳ ಮಟ್ಟಿಗೆ ಮಾಡಿ ನೋಡೋಣ ಎಂದ ಅಧಿಕಾರಿ. ಮಾಡಿ ನೋಡಿ, ಮೂರು ತಿಂಗಳಾದ ಮೇಲೆ ಮತ್ತೆ ಎಂಟೂ ಜನ ಅಳತೆಗೆ ನಿಲ್ಲುತ್ತೇವೆ ಎಂದು ಹೇಳಿ ಎಡದಕ್ಕ ಚೀಟಿ ಕೊಟ್ಟಳು.

ಹೀಗೆ ಎಡದಕ್ಕ ಮೊದಲ ಬಾರಿಗೆ ರೋಲರಿನ ಬಲಗಡೆ ನಿಂತಳು. ಕಿಲಕಿಲ ಆಗ ಎರಡನೆಯ ಮಹಡಿಯಲ್ಲಿ, ಪಟ್ಟಿ ಕಟ್ಟಿಸಿಕೊಂಡು ಪರದೆಯ ಮುಂದೆ. ಬಲಗೈ ಎತ್ತಿದರೆ ಎಡದಕ್ಕನಿಗೆ ಭುಜ ಬಿಗಿಯುತ್ತಿತ್ತು, ಬಟ್ಟೆ ಸೊಟ್ಟಗೆ ಹೋಗುತ್ತಿತ್ತು, ಹೊಸಬ ಆ ಕಡೆಯಿಂದ ತಪ್ಪು ಸಮಯಕ್ಕೆ ಎಳೆಯುತ್ತಿದ್ದ. ಒಂದು ಗಂಟೆಯಲ್ಲಿ ಮೂರು ಸಲ ಯಂತ್ರ ನಿಲ್ಲಿಸಬೇಕಾಯಿತು. ಎರಡನೆಯ ರೋಲರಿನಲ್ಲೂ ಅದೇ ಪಾಡು. ಮೇಸ್ತ್ರಿ ಗಡಿಯಾರ ನೋಡುತ್ತ ಬಂದು ಪಕ್ಕದಲ್ಲಿ ನಿಂತ.

"ಇನ್ನೂ ಸ್ವಲ್ಪ ಬೇಗ ಆಗಲ್ವೇನಮ್ಮ?"

ಎಡದಕ್ಕ ಬಟ್ಟೆಯ ಮೂಲೆ ಬಿಡದೆ ಅವನ ಕಡೆ ತಿರುಗಿದಳು.

"ಆಗುತ್ತೆ. ಒಬ್ಬರ ಭುಜ ಹರಿದ್ರೆ ಆಗುತ್ತೆ. ಈ ಸಲ ಯಾರದ್ದು ಅಂತ ನೀವೇ ಹೇಳಿ ಸಾರ್, ಅವರನ್ನ ಕರೀತೀನಿ."

ಮೇಸ್ತ್ರಿ ಎಂಟೂ ಜಾಗಗಳ ಮೇಲೆ ಒಮ್ಮೆ ಕಣ್ಣಾಡಿಸಿದ. ಯಾರನ್ನೂ ತೋರಿಸಲಿಲ್ಲ. ಬಗ್ಗಿ ತೊಟ್ಟಿಗಾಡಿಯಿಂದ ಒಂದು ಒದ್ದೆ ಬಟ್ಟೆ ತೆಗೆದು, ಮೂಲೆ ಹುಡುಕಿ, ಅವಳ ಬಲಗೈಗೆ ಕೊಟ್ಟ.